ಗೆರೆ ಮನೆಯಲ್ಲಿ ಹಗಲು ನಿದ್ದೆ

ಜೇವರ್ಗಿ
12 ಫೆಬ್ರವರಿ 2024

ಸಕಲಗೃಹವಿದ್ಯಾಪಾರಂಗತೆ, ಮಾಳಿಗೆ ಮನೆಗಳ ಮಹಾರಾಣಿ, ಬೆಳಕಿಂಡಿಗಳ ಬೆಳಕು, ಹೊಸ್ತಿಲುಗಳ ಹಿರಿಯಕ್ಕ, ಬಲಗೈಯಲ್ಲಿ ಊರುಗೋಲನ್ನೂ ಎಡಮೊಣಕಾಲಿನಲ್ಲಿ ಹೊಚ್ಚಹೊಸ ಸ್ಟೀಲನ್ನೂ ಧರಿಸಿ ಸೊಲ್ಲಾಪುರದ ಮೂರನೆಯ ಮಹಡಿಯಲ್ಲಿ ಮಗಳ ಮನೆಯಲ್ಲಿ ವಿರಾಜಮಾನರಾಗಿರುವ ಶ್ರೀಮತಿ ಸರಸ್ವತಿಬಾಯಿಯವರ ದಿವ್ಯ ಪಾದಗಳಿಗೆ, ವಿಶೇಷವಾಗಿ ಆಪರೇಷನ್ ಆಗದ ಪಾದಕ್ಕೆ, ಮೊಮ್ಮಗ ಮಯೂರನ ಸಾಷ್ಟಾಂಗ ನಮಸ್ಕಾರಗಳು.

ಆಯಿ, ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಮೇಲಾಗಿ ಮನೆಯ ಮಾತೆಲ್ಲ ಕಾಗದದ ಮೇಲೇ ಇರಬೇಕೆಂಬುದು ನಿನ್ನದೇ ಕಟ್ಟಳೆ. ಹಾಗಾಗಿ ಈ ರಾಜಪತ್ರ.

ಲೋಕಕ್ಕೆ ತಿಳಿಸಬೇಕಾದ ಸಂಗತಿ ಏನೆಂದರೆ, ‘ಪಡಸಾಲಿ ಗೃಹನಿರ್ಮಾಣ, ಆಳಂದ’ ಎಂಬ ನಮ್ಮ ಸಾಮ್ರಾಜ್ಯವು ಭೀಮಾ ನದಿಯನ್ನು ದಾಟಿದೆ. ನಿನ್ನ ಮಗನೂ ನನ್ನ ತಂದೆಯೂ ಆದ ಚಕ್ರವರ್ತಿ ಹರಿಯವರು ನನ್ನನ್ನು ಜೇವರ್ಗಿ ಪ್ರಾಂತ್ಯಕ್ಕೆ ಅಧಿಪತಿಯಾಗಿ ನೇಮಿಸಿದ್ದಾರೆ. ಅರಮನೆ ಪಂಕ್ಚರ್ ಅಂಗಡಿಯ ಮೇಲಿದೆ. ಸೈನ್ಯವೆಂದರೆ ಗೌಂಡಿ ಕರೀಮಸಾಬ, ಅವರ ತಾಪಿ, ಅವರ ಕೆಮ್ಮು.

ಮೊಣಕಾಲಿಗೆ ಮರಗಟ್ಟುವ ಮದ್ದು ಕೊಟ್ಟಾಗ ನೆನಪಿಗೂ ಸ್ವಲ್ಪ ಹತ್ತಿರಬಹುದೆಂಬ ಶಂಕೆಯಿಂದ ಕಂಪನಿಯ ಪುರಾಣವನ್ನು ಜ್ಞಾಪಿಸುತ್ತೇನೆ. ಅಪ್ಪ ಕಟ್ಟಿಸಿದ ಸಿಮೆಂಟಿನ ಡಬ್ಬಿಯೊಳಗೆ ಒಂದು ಬೇಸಿಗೆ ಬೆಂದು ನೀನು ಹೊರಗೆ ಬಂದೆ. ಅಂಗಳದಲ್ಲಿ ಸುಣ್ಣದ ಪುಡಿಯಿಂದ ನಿನ್ನ ಅಫಜಲಪುರದ ತವರುಮನೆಯನ್ನು ಎಳೆದೆ. “ಇಂಥಾದ್ದು ಕಟ್ಟು. ಇಲ್ಲಂದ್ರ ನಾ ಈ ಗೆರಿಯೊಳಗೇ ಕೂಡ್ತೇನಿ” ಅಂದೆ. ಸಂಜೆಯವರೆಗೆ ಕೂತೂ ಇದ್ದೆ, ನಿನ್ನ ಗೆರೆಯ ಅಡುಗೆಮನೆಯಲ್ಲಿ ಅವಲಕ್ಕಿ ಕಲಸಿಕೊಂಡು. ಅಪ್ಪ ಸೋತು ಕಟ್ಟಿದ. ದಪ್ಪ ಗೋಡೆ, ಶಹಾಬಾದಿ ಕಲ್ಲಿನ ನೆಲ, ಮೇಲೆ ಬೆಳಕಿಂಡಿ. ನೋಡಲು ಬಂದವರು ತಮಗೂ ಬೇಕೆಂದರು. ಹೀಗೆ ಹುಟ್ಟಿತು ಕಂಪನಿ. ಗೆರೆ ಮನೆಯ ದಿನ ಕಾಣದೆ ಅದರ ಒಂದು ಮನೆಯೂ ಇಂದಿನವರೆಗೆ ಎದ್ದಿಲ್ಲ. ಬಯಲಿನಲ್ಲಿ ಇಡೀ ಮನೆಯನ್ನು ನಿಜವಾದ ಅಳತೆಯಲ್ಲಿ ಬರೆಯುತ್ತೇವೆ. ಮನೆಯವರು ಒಂದು ಹಗಲು ಅದರೊಳಗೆ ಬಾಳುತ್ತಾರೆ. ಬಾಗಿಲೆಂದು ಬಿಟ್ಟ ಸಂದಿಯಲ್ಲೇ ಹಾಯಬೇಕು. ಗೆರೆ ಎಂದರೆ ಗೋಡೆ. ಯಾರಾದರೂ ಮೈಮರೆತು ಗೆರೆ ದಾಟಿದರೆ, ಅಲ್ಲೊಂದು ಬಾಗಿಲು ಬೇಕಿತ್ತೆಂದು ನಮಗೆ ಗೊತ್ತಾಗುತ್ತದೆ.

ಪ್ರಾಂತ್ಯದ ಮೊದಲ ಮನೆ ಕೊಳಕೂರಿನ ಮಾಳಿಂಗಪ್ಪನವರದು. ತೊಗರಿ ಈ ಸಲ ಅವರ ಕೈ ಹಿಡಿದಿದೆ. ಗಂಡ, ಹೆಂಡತಿ ಬಾಳಮ್ಮ, ಮಗ ಶಂಕರಲಿಂಗ ಮತ್ತು ಅವನ ಹೆಂಡತಿ ಮಕ್ಕಳು. ಒಬ್ಬ ಮಗಳೂ ಇದ್ದಾಳಂತೆ, ನಾನು ನೋಡಿಲ್ಲ. ಮಾಳಿಂಗಪ್ಪನವರು ಮಾತಿಗೊಮ್ಮೆ, ನಮ್ಮ ಮುತ್ಯಾನ ಮನೆ ಹೇಗಿತ್ತೋ ಹಾಗೇ ಆಗಬೇಕು, ಅದರ ಗೇಣು ಗೇಣೂ ನನಗೆ ನೆನಪಿದೆ ಎನ್ನುತ್ತಾರೆ. ಆ ನೆನಪನ್ನು ಪರೀಕ್ಷಿಸುವ ಪವಿತ್ರ ಆಸೆ ನನ್ನಲ್ಲಿ ಮೂಡಿದೆ. ಗೆರೆ ಎಳೆಯುವಾಗ ನಕ್ಷೆಯಲ್ಲಿಲ್ಲದ ಒಂದು ಕೋಣೆಯನ್ನು ಹೆಚ್ಚಿಗೆ ಎಳೆದುಬಿಟ್ಟರೆ ಅವರು ಎಷ್ಟು ಹೊತ್ತಿಗೆ ಕಂಡುಹಿಡಿದಾರು? ತಮ್ಮ ಅಪ್ಪಣೆಯನ್ನು ಕೋರುತ್ತೇನೆ.

ತಮ್ಮ ಪಾದಧೂಳಿ,
ಮಯೂರ


ಸೊಲ್ಲಾಪುರ
20 ಫೆಬ್ರವರಿ 2024

ಚಿ. ಮಯೂರನಿಗೆ ಆಶೀರ್ವಾದ.

ನಿನ್ನ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತು.

ಅಪ್ಪಣೆ ಇಲ್ಲ. ಕಾಗದದ ಮೇಲಿರುವಾಗ ಮನೆ ನಿನ್ನದು. ನೆಲದ ಮೇಲೆ ಬಂತೆಂದರೆ ಅವರದು. ಅವರು ಅದರೊಳಗೆ ಸಾಯುವವರೆಗೆ ಇರುವವರು, ನೀನು ಸಂಜೆ ಮೋಟರ್‌ಸೈಕಲ್ ಹತ್ತಿ ಹೋಗುವವನು. ಅದರ ಜೊತೆ ಚೇಷ್ಟೆ ಬೇಡ.

ನನ್ನ ಮೊಣಕಾಲು ದಿನಾ ಸ್ವಲ್ಪ ಮಡಚುತ್ತದೆ. ಇಲ್ಲಿ ಹಗಲಿಗೂ ನಿದ್ದೆ ಅಭ್ಯಾಸವಾಗಿದೆ. ಕಣ್ಣು ಮುಚ್ಚಿದರೆ ತವರಿನ ಮಾಳಿಗೆಯ ಮೇಲೆ ನಡೆಯುತ್ತಿರುತ್ತೇನೆ. ಕೆಳಗೆ ಯಾರೋ ರೊಟ್ಟಿ ಬಡಿಯುತ್ತಿರುತ್ತಾರೆ. ಆ ಸದ್ದಿಗೇ ಎಚ್ಚರವಾಗುತ್ತದೆ, ನೋಡಿದರೆ ಲಿಫ್ಟಿನ ಬಾಗಿಲು.

ಕರೀಮಸಾಬರಿಗೆ ಕೆಮ್ಮಿಗೆ ಜ್ಯೇಷ್ಠಮಧು ಕೊಡು.

ಸರಸ್ವತಿಬಾಯಿ


ಜೇವರ್ಗಿ
2 ಮಾರ್ಚ್ 2024

ಮಹಾಮಾತೆಯವರ ಸನ್ನಿಧಾನಕ್ಕೆ,

ತಮ್ಮ ಆಜ್ಞೆಯನ್ನು ಎರಡು ಸಲ ಓದಿ, ಕಣ್ಣಿಗೊತ್ತಿಕೊಂಡು, ತಲೆಯ ಮೇಲಿಟ್ಟುಕೊಂಡು, ಆಮೇಲೆ ಮುರಿದೆ.

ಅಡುಗೆಮನೆಯ ಪಕ್ಕಕ್ಕೆ, ಪೂರ್ವದ ಬೇವಿನ ಮರದ ಹತ್ತಿರ, ಒಂದು ಸಣ್ಣ ಕೋಣೆ ಎಳೆದೆ. ಕರೀಮಸಾಬರು ನಕ್ಷೆ ನೋಡಿದರು, ನೆಲ ನೋಡಿದರು, ನನ್ನನ್ನು ನೋಡಿದರು. ನಿಮ್ಮ ಅಪ್ಪ ಬೈದರೆ ನಾನು ಇಲ್ಲಿ ಇರಲೇ ಇಲ್ಲ ಎಂದು ಹೇಳಿ ಬೀಡಿ ಹಚ್ಚಲು ಹೋದರು.

ಬೆಳಗ್ಗೆ ಮನೆಯವರು ಒಲೆಕಲ್ಲು, ಕೊಡ, ಜಮಖಾನೆ ಹೊತ್ತು ಬಂದರು. ಮಾಳಿಂಗಪ್ಪನವರು ತಲೆಗೆ ಬಿಳಿ ಪಟಕಾ ಸುತ್ತಿಕೊಂಡು ಗೆರೆಗಳ ನಡುವೆ ಗಂಭೀರವಾಗಿ ನಡೆದರು. ನನ್ನ ಕಳ್ಳ ಕೋಣೆಯ ಮುಂದೆ ನಿಂತರು. ಆಮೇಲೆ ಅವರು ತಲೆದೂಗಿ, ಹೌದು, ಇದು ಇದ್ದೇ ಇತ್ತು, ಮುತ್ಯಾ ಬಂದೂಕು ಇಡುತ್ತಿದ್ದದ್ದು ಇಲ್ಲೇ ಎಂದರು. ಆಯಿ, ಅವರ ಮುತ್ಯಾನ ಹತ್ತಿರ ಬಂದೂಕು ಇರಲಿಲ್ಲ ಎಂದು ಬಾಳಮ್ಮ ಆಮೇಲೆ ನನಗೆ ಹೇಳಿದಳು.

ಇಲ್ಲಿಯವರೆಗೆ ನಗುವ ಕಥೆ. ಇನ್ನು ಮುಂದಿನದು ಬೇರೆ.

ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ಮಗಳು ಬಂದಳು. ಹೆಸರು ಶಿವಕಾಂತಾ. ಯಡ್ರಾಮಿಯಲ್ಲಿ ನರ್ಸು, ಯಾವಾಗಲೂ ರಾತ್ರಿ ಪಾಳಿ. ಮದುವೆಯಾದ ವರ್ಷವೇ ತಿರುಗಿ ಬಂದವಳು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿಳಿದು ನೇರವಾಗಿ ಇಲ್ಲಿಗೆ ಬಂದಿದ್ದಳು, ಕಣ್ಣು ಕೆಂಪಗಿದ್ದವು. ತಲೆಬಾಗಿಲಿನ ಸಂದಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಪಡಸಾಲೆಯಲ್ಲಿ ಅಣ್ಣನ ಗೆಳೆಯರು ಕೂತಿದ್ದರು. ಅಡುಗೆಮನೆಯಲ್ಲಿ ಹೊಗೆ. ನಡುಮನೆಯಲ್ಲಿ ಮಕ್ಕಳ ಗದ್ದಲ. ಒಂದೊಂದು ಬಾಗಿಲಿನಲ್ಲೂ ನಿಂತು ಒಳಗೆ ನೋಡಿದಳು. ಕೊನೆಗೆ ಬೇವಿನ ನೆರಳು ಬಿದ್ದಿದ್ದ ನನ್ನ ಕಳ್ಳ ಕೋಣೆಗೆ ಬಂದು, ಇದು ಯಾರದು ಎಂದು ಕೇಳಿದಳು. ಆಕೆ ಒಳಗೆ ಹೋಗಿ ಬರೀ ನೆಲದ ಮೇಲೆ, ಬ್ಯಾಗನ್ನು ತಲೆಗಿಟ್ಟುಕೊಂಡು, ಮಲಗಿಬಿಟ್ಟಳು.

ಆಮೇಲೆ ನಡೆದದ್ದನ್ನು ನಾನು ಹೇಗೆ ಬರೆಯಲಿ. ಗೆರೆ ಎಂದರೆ ಗೋಡೆ ಎಂದು ಬೆಳಗ್ಗೆ ನಾನೇ ಎಲ್ಲರಿಗೂ ಭಾಷಣ ಮಾಡಿದ್ದೆ. ಯಾರೂ ಗೆರೆ ದಾಟಲಿಲ್ಲ. ಚೆಂಡು ಒಳಗೆ ಉರುಳಿ ಹೋಯಿತು. ಹುಡುಗರು ಗೆರೆಯಾಚೆ ಕೂತು ಅದನ್ನೇ ನೋಡುತ್ತ ಸುಮ್ಮನಾದರು. ನೀರು ತರುವ ಸೊಸೆ ಸುತ್ತುಹಾಕಿ ಹೋದಳು. ಒಂದು ಆಡು ಕೂಡ ಮೂಸಿ ನೋಡಿ ತಿರುಗಿತು. ಒಂದು ಹಿಡಿ ಸುಣ್ಣದ ಪುಡಿಯಾಚೆ ಆಕೆ ಎಷ್ಟೋ ದೂರದಲ್ಲಿದ್ದ ಹಾಗೆ ಕಂಡಳು. ನೆರಳು ಮಾತ್ರ ಒಳಗೆ ಹೋಗಿ ಅವಳ ಮೈಮೇಲೆ ಆಡುತ್ತಿತ್ತು.

ಬಾಳಮ್ಮ ಹೇಳಿದಳು, ಹಳೆಯ ಮನೆಯಲ್ಲಿ ಮಗಳು ಹಗಲು ಚೀಲಗಳ ಮರೆಯಲ್ಲಿ ಮಲಗುತ್ತಾಳೆ, ಎಲ್ಲರೂ ಅವಳನ್ನು ದಾಟಿಕೊಂಡೇ ಓಡಾಡುತ್ತಾರೆ, ಒಮ್ಮೆಯೂ ಇಷ್ಟು ಹೊತ್ತು ಮಲಗಿದ್ದನ್ನು ನೋಡಿಲ್ಲ ಎಂದು. ಆಯಿ, ನನ್ನ ನಕ್ಷೆಯಲ್ಲಿ ಎತ್ತುಗಳಿಗೆ ಜಾಗವಿತ್ತು, ಟ್ರ್ಯಾಕ್ಟರಿಗೆ ಜಾಗವಿತ್ತು.

ಸಂಜೆ ಮಾಳಿಂಗಪ್ಪನವರಿಗೆ ಆ ಕೋಣೆಯನ್ನು ಉಳಿಸೋಣವೇ ಎಂದು ಕೇಳಿದೆ. ಬಂದೂಕಿನ ನೆನಪು ಅಷ್ಟರಲ್ಲಿ ಮಾಯವಾಗಿತ್ತು.

“ತಮ್ಮಾ, ನಾ ಹಳೀ ಪದ್ಧತಿ ಮನಿ ಬೇಕಂತ ನಿಮ್ಮ ಹಂತ್ಯಾಕ ಬಂದೀನಿ. ಹೆಣ್ಣಮಗಳಿಗಿ ಬ್ಯಾರೆ ಕೋಲಿ ಯಾವ ಹಳೀ ಮನ್ಯಾಗ ಇತ್ತು? ನಿಮ್ಮ ಬಾಯೋರು ಇತ್ತಂತ ಬರದು ಕಳಸಲಿ, ಕಟ್ಟಸ್ತೇನಿ. ಇಲ್ಲಂದ್ರ ಅಳಸು.”

ಆಮೇಲೆ ದನಿ ತಗ್ಗಿಸಿ, ನನಗಲ್ಲ, ಬೇವಿನ ಮರಕ್ಕೆ ಹೇಳುವಂತೆ ಹೇಳಿದರು: “ಕೋಲಿ ಕೊಟ್ರ ಆಕಿ ಇನ್ನ ಇಲ್ಲೇ ಅಂತ ಊರಿಗೆಲ್ಲ ಡಂಗುರ ಹೊಡದಂಗ.”

ಆಯಿ, ನೀನು ಒಂದೇ ಒಂದು ಸಾಲು ಬರೆದರೆ ಸಾಕು. ನಿನ್ನ ತವರಿನಲ್ಲಿ ಅಂಥದೊಂದು ಕೋಣೆ ಇತ್ತೆಂದು.

ನಿನ್ನ,
ಮಯೂರ


ಸೊಲ್ಲಾಪುರ
11 ಮಾರ್ಚ್ 2024

ಮಯೂರಾ,

ಇರಲಿಲ್ಲ.

ನಮ್ಮ ಮನೆ ದೊಡ್ಡದು. ದೇವರಿಗೆ ಕೋಣೆ, ಕಾಳಿಗೆ ಕೋಣೆ, ಬಾಣಂತಿಗೆ ಕತ್ತಲೆ ಕೋಣೆ, ಕುದುರೆ ಸತ್ತ ಮೇಲೂ ಕುದುರೆಗೆ ಲಾಯ. ನಾನು ಹಾಸಿಗೆ ಎಲ್ಲಿ ಬಿಚ್ಚಿದರೆ ಅದೇ ನನ್ನ ಜಾಗ, ಬೆಳಗಾಗುವ ಮೊದಲು ಸುತ್ತಿಟ್ಟರೆ ಅದೂ ಇಲ್ಲ. ಮದುವೆಯಾಗಿ ತವರಿಗೆ ಬಂದಾಗ ಕಾಳಿನ ಕೋಣೆಯಲ್ಲಿ ಮಲಗುತ್ತಿದ್ದೆ. ಜೋಳದ ವಾಸನೆ ಸುಖವಾಗಿತ್ತು. ಅದು ಜೋಳದ ಕೋಣೆ, ನನ್ನದಲ್ಲ.

ನೀವು ಕಟ್ಟುವ ಒಂದೊಂದು ಮನೆಯೂ ನನ್ನ ಬಾಯಿಮಾತಿನ ಮೇಲೆ ನಿಂತಿದೆ. ನಾನು ಕಂಡದ್ದನ್ನು ಕಂಡೆ ಎಂದಿದ್ದೇನೆ, ಕಾಣದ್ದನ್ನು ಇಲ್ಲ ಎಂದಿದ್ದೇನೆ. ಆ ಹುಡುಗಿಯ ಬಗ್ಗೆ ಓದಿ ಸಂಕಟವಾಯಿತು. ಆದರೂ ಸುಳ್ಳು ಬರೆಯಲಾರೆ. ನನ್ನ ಅಕ್ಷರದಲ್ಲಿ ನೀನೂ ಬರೆಯಕೂಡದು. ನಿನ್ನ ಕೈ ನನಗೆ ಗೊತ್ತು.

ಸರಸ್ವತಿಬಾಯಿ


ಜೇವರ್ಗಿ
30 ಮಾರ್ಚ್ 2024

ಸತ್ಯಸಂಧೆಯವರಿಗೆ,

ತಮ್ಮ ಅಕ್ಷರವನ್ನು ಅನುಕರಿಸುವ ದುಷ್ಟ ಯೋಚನೆ ನನಗೆ ಬಂದಿತ್ತು ಎಂಬುದನ್ನು ನಿರಾಕರಿಸುತ್ತೇನೆ. ತಮ್ಮ ‘ಳ’ ನನಗೆ ಕೂಡುವುದಿಲ್ಲ.

ಮಾಳಿಂಗಪ್ಪನವರಿಗೆ ಉತ್ತರ ಇನ್ನೂ ಬಂದಿಲ್ಲ ಎಂದಿದ್ದೇನೆ. ಅವರೂ ಒತ್ತಾಯಿಸಿಲ್ಲ. ಉಳಿದ ಮನೆಗೆಲ್ಲ ಪಾಯ ತೋಡಿಯಾಯಿತು. ಆ ಕೋಣೆಯ ಕಡೆ ಗುದ್ದಲಿ ಹೋಗಿಲ್ಲ, ಅಳಿಸುವ ಕೈಯೂ ಹೋಗಿಲ್ಲ. ಶಿವಕಾಂತಾ ದಿನಾ ಬೆಳಗ್ಗೆ ಬಸ್ಸಿಳಿದು ಬಂದು ಬೇವಿನ ನೆರಳು ಇರುವವರೆಗೆ ಅಲ್ಲೇ ಮಲಗುತ್ತಾಳೆ. ಗುಂಡಿಗಳ ನಡುವೆ, ಕಲ್ಲಿನ ರಾಶಿಗಳ ನಡುವೆ, ಒಂದು ಬಿಳಿ ಚೌಕದೊಳಗೆ. ನಮ್ಮ ಆಳುಗಳು ಆ ಹೊತ್ತಿನಲ್ಲಿ ಕಲ್ಲು ಒಡೆಯುವುದಿಲ್ಲ, ಬರೀ ಹೊರುತ್ತಾರೆ. ಯಾರೂ ಅವರಿಗೆ ಹೇಳಿಲ್ಲ. ಆ ಸಮಯದಲ್ಲಿ ಕೆಲಸದ ಜಾಗ ನೀರಿನ ಅಡಿಯಲ್ಲಿರುವಂತೆ ಕಾಣುತ್ತದೆ. ಎಲ್ಲರೂ ಮೆಲ್ಲಗೆ ತೇಲುತ್ತಾರೆ.

ಒಂದು ವಿಸ್ಮಯ ಮಾತ್ರ ನನ್ನನ್ನು ಕಾಡಿತು. ಸುಣ್ಣದ ಗೆರೆ ನಾಕು ದಿನ ಬಾಳುವುದಿಲ್ಲ. ಗಾಳಿ ಇದೆ, ಆಡುಗಳಿವೆ. ನಡುವೆ ಒಂದು ಅಕಾಲದ ಮಳೆಯೂ ಹೊಡೆಯಿತು. ಈ ಗೆರೆ ಮಾತ್ರ ದಿನದಿಂದ ದಿನಕ್ಕೆ ಹೊಳೆಯುತ್ತಿದೆ. ಕರೀಮಸಾಬರು ನನ್ನ ಮೇಲೆ ಸಂಶಯಪಟ್ಟರು, ನಾನು ಅವರ ಮೇಲೆ. ಒಂದು ವಾರ ಇಬ್ಬರೂ ಒಬ್ಬರನ್ನೊಬ್ಬರು ಮಹಾತ್ಮರೆಂದು ತಿಳಿದು ಬಹಳ ಗೌರವದಿಂದ ನಡೆದುಕೊಂಡೆವು.

ನಿನ್ನೆ ಬೇಗ ಹೋದೆ. ಬಾಳಮ್ಮ ತೆಂಗಿನ ಚಿಪ್ಪಿನಲ್ಲಿ ರಂಗೋಲಿ ಪುಡಿ ಹಿಡಿದು ಬಗ್ಗಿ ಗೆರೆ ತಿದ್ದುತ್ತಿದ್ದಳು. ಮೂಲೆಗಳಿಗೆ ಒಂದೊಂದು ಎಸಳು ಬಿಡಿಸಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು.

“ಗ್ವಾಡಿ ಕಟ್ಟಾಕ ನನಗ ಬರಂಗಿಲ್ಲಪಾ” ಅಂದಳು. “ಗೆರಿ ಎಳಿಯಾಕ ಬರ್ತದ.”

ನಾನು ಕಲ್ಲಿನ ರಾಶಿಯ ಹಿಂದೆ ಕೂತೆ. ಮಗಳು ಬಂದಳು, ಬಾಗಿಲಿನ ಸಂದಿಯಿಂದ ಒಳಗೆ ಹೋಗಿ ಮಲಗಿದಳು. ಬಾಳಮ್ಮ ಆ ಸಂದಿಗೂ ಒಂದು ಗೆರೆ ಎಳೆದು ಬಾಗಿಲು ಹಾಕಿದಳು. ಬಿಸಿಲು ಬಂದು ಮಗಳು ಎದ್ದಾಗ ಸೆರಗಿನ ತುದಿಯಿಂದ ಒರೆಸಿ ಬಾಗಿಲು ತೆಗೆದಳು.

ಬೇವಿನ ಎಲೆ ಈಗ ಉದುರುತ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಆ ನೆರಳೂ ಇರುವುದಿಲ್ಲ.

ಮಯೂರ


ಸೊಲ್ಲಾಪುರ
14 ಏಪ್ರಿಲ್ 2024

ಚಿ. ಮಯೂರನಿಗೆ,

ನಿನ್ನ ಪತ್ರ ಓದಿ ಮನೀಷಾಳನ್ನು ಕರೆದು ಈ ಮನೆಯಲ್ಲಿ ನಿನ್ನ ಕೋಣೆ ಯಾವುದು ಎಂದು ಕೇಳಿದೆ. ನಿನ್ನ ಅತ್ತೆ ನಕ್ಕಳು. ನಾನು ಮಲಗಿರುವುದೇ ಅವಳ ಕೋಣೆ. ನಾನು ಬಂದ ದಿನದಿಂದ ಅವಳು ಹಾಲಿನಲ್ಲಿ ಸೋಫಾದ ಮೇಲೆ ಮಲಗುತ್ತಿದ್ದಾಳೆ. ಬೆಳಗ್ಗೆ ನಾನು ಏಳುವ ಮೊದಲು ಹೊದಿಕೆ ಮಡಚಿಟ್ಟಿರುತ್ತಾಳೆ. ನನಗೆ ಹೊಳೆದೇ ಇರಲಿಲ್ಲ. ಮನೆಗಳ ಬಗ್ಗೆ ಎಲ್ಲ ಗೊತ್ತಿರುವ ಮುದುಕಿ ನಾನು.

ಇದರ ಜೊತೆಗಿರುವ ಕಾಗದವನ್ನು ಮಾಳಿಂಗಪ್ಪನವರಿಗೆ ಕೊಡು. ಮುಚ್ಚಿಲ್ಲ, ನೀನೂ ಓದಬಹುದು. ಹೇಗಿದ್ದರೂ ಓದುತ್ತೀ.

ಸರಸ್ವತಿಬಾಯಿ

ಶ್ರೀ ಮಾಳಿಂಗಪ್ಪನವರಿಗೆ ಆಳಂದದ ಸರಸ್ವತಿಬಾಯಿಯ ನಮಸ್ಕಾರಗಳು. ಹಳೆಯ ಮನೆಗಳಲ್ಲಿ ಹೆಣ್ಣುಮಗಳಿಗೆಂದು ಕೋಣೆ ಇರಲಿಲ್ಲ. ನಾನು ಅಂಥ ಮನೆಯಲ್ಲಿ ಹುಟ್ಟಿ ಅಂಥದೇ ಮನೆಗೆ ಹೋದವಳು, ಬಲ್ಲೆ. ಇರಬೇಕಾಗಿತ್ತು. ನಮ್ಮ ಅಪ್ಪನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ, ಹೇಳುವಷ್ಟರಲ್ಲಿ ಗೋಡೆಗಳು ಎದ್ದಾಗಿತ್ತು. ನಿಮ್ಮದು ಇನ್ನೂ ನೆಲದ ಮೇಲಿದೆ. ನಿಮ್ಮ ಮನೆಯವರು ದಿನಾ ಹೊರಗಿನಿಂದ ಗೆರೆ ಎಳೆದು ಮಗಳಿಗೆ ಬಾಗಿಲು ಹಾಕುತ್ತಾರೆಂದು ಕೇಳಿದೆ. ಕೋಣೆ ಕಟ್ಟಿಸಿದರೆ ಚಿಲಕ ಒಳಗಡೆ ಇರಲಿ.


ಅಫಜಲಪುರ
21 ಜುಲೈ 2024

ತ್ರಿತಾಲೂಕುಪ್ರಸಿದ್ಧೆ ಸರಸ್ವತಿಬಾಯಿ ಸಾಹೇಬರ ದರಬಾರಿಗೆ,

ಮಾಳಿಂಗಪ್ಪನವರ ನಿರ್ಧಾರವನ್ನು ನಿನಗೆ ಆಗಲೇ ಫೋನಿನಲ್ಲಿ ಕೂಗಿ ಹೇಳಿದ್ದೇನೆ. ಸೊಲ್ಲಾಪುರಕ್ಕೆಲ್ಲ ಕೇಳಿಸಿತೆಂದು ಅತ್ತೆ ಹೇಳಿದಳು. ಅದು ಹೇಗೆ ಆಯಿತೆಂಬುದನ್ನು ಬರೆಯಲು ಈಗ ಬಿಡುವಾಗಿದೆ.

ಅವರು ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಕೂತು ಶಂಕರಲಿಂಗನಿಂದ ಓದಿಸಿದರು. ಊರಿನ ಹಿರಿಯರೂ ಇದ್ದರು. ‘ಇರಲಿಲ್ಲ’ ಎಂದು ಓದಿದಾಗ, ನೋಡಿದೆಯಾ ಎಂಬಂತೆ ನನ್ನ ಕಡೆ ತಿರುಗಿದರು. ‘ಇರಬೇಕಾಗಿತ್ತು’ ಎಂದಾಗ ತಿರುಗಿದ ಮುಖ ಅಲ್ಲೇ ನಿಂತಿತು. ಪೂರ್ತಿ ಓದಿಸಿ, ಮತ್ತೆ ಅಲ್ಲಿಂದಲೇ ಓದಿಸಿದರು. ಬಹಳ ಹೊತ್ತು ಪಟಕಾ ಬಿಚ್ಚಿ ಸುತ್ತಿದರು. ಕೊನೆಗೆ ಎದ್ದು ನಿಂತು ಹಿರಿಯರಿಗೆಲ್ಲ ಕೇಳಿಸುವ ಹಾಗೆ, “ಬಾಯೋರು ಇರಬೇಕು ಅಂದಾರ್ರಿ. ನಾ ಏನ್ ಮಾಡಾಂವ” ಅಂದರು.

ಮರುದಿನ ಕರೀಮಸಾಬರು ಬೇವಿನ ಕಡೆ ಪಾಯ ತೋಡಿದರು. ಬಾಳಮ್ಮನ ರಂಗೋಲಿಯ ಮೇಲೆಯೇ ಗುದ್ದಲಿ ಹಾಕಬೇಕಾಯಿತು. ಅವರು ಮೊದಲು ಆಕೆಯ ಅಪ್ಪಣೆ ಕೇಳಿದರು.

ಇನ್ನು ಸಾಮ್ರಾಜ್ಯದ ಸಮಾಚಾರ. ‘ಬಾಯೋರು ಇರಬೇಕು ಅಂದಾರ’ ಎಂಬುದು ಕೊಳಕೂರಿನಿಂದ ಹೊರಟಿತು. ಯಡ್ರಾಮಿಗೆ ಮುಟ್ಟುವಾಗ ‘ಇತ್ತು’ ಆಗಿತ್ತು. ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಅಮಾವಾಸ್ಯೆಗೆ ಬಂದವರ ಜೊತೆ ಹೊಳೆ ದಾಟುವಾಗ ‘ದೊಡ್ಡ ದೊಡ್ಡ ಮನೆಗಳಲ್ಲೆಲ್ಲ ಇದ್ದೇ ಇತ್ತು’ ಆಗಿತ್ತು. ಜನ ಬಂದು ಅಪ್ಪನಿಗೆ, ಅದೇ ಹಳೇ ಕಾಲದ ಮಗಳ ಕೋಣೆ ಇರುವ ಮನೆ ಬೇಕು ಎನ್ನುತ್ತಿದ್ದಾರೆ. ಬೇಡಿಕೆಗೆ ಆಳಂದ, ಜೇವರ್ಗಿಯ ಆಫೀಸುಗಳು ಸಾಲವೆಂದು ಅಪ್ಪ ಇಲ್ಲಿ ಅಫಜಲಪುರದಲ್ಲೂ ಒಂದು ಆಫೀಸು ತೆರೆದಿದ್ದಾನೆ. ಹೊಸ ಗೌಂಡಿಗಳು, ಹೊಸ ಟೆಂಪೊ, ಹೊಸ ಬೋರ್ಡು. ಜಾಹೀರಾತಿನ ಹಾಳೆ ಅಚ್ಚು ಹಾಕಿಸಿದ್ದಾನೆ, ಅದರಲ್ಲಿ ‘ನಮ್ಮ ವಿಶೇಷ: ಪಾರಂಪರಿಕ ಮಗಳ ಕೋಣೆ’ ಎಂದು ನಿನ್ನ ಫೋಟೋದ ಕೆಳಗೇ ಹಾಕಿಸಿದ್ದಾನೆ.

ಹಾಗೆ ಮನೆ ಕೇಳಲು ಬಂದವರಲ್ಲಿ ಆಳಂದದ ಖುರ್ಷಿದಬೇಗಂ ಒಬ್ಬಳೇ ನಿಜ ಹೇಳಿದವಳು. ನಿಮ್ಮ ಹಳೆಯ ಮನೆಯಲ್ಲಿ ಇಂಥ ಕೋಣೆ ಎಲ್ಲಿತ್ತು ಎಂದು ಕೇಳಿ ಅಪ್ಪ ಬರೆದುಕೊಳ್ಳಲು ಪೆನ್ನು ತೆಗೆದರೆ, “ಇದ್ದಿಲ್ಲ ಬಾಬಾ. ಅದಕ್ಕಾಗೇ ಬೇಕು” ಅಂದಳಂತೆ.

ಉಳಿದವರಿಗೆಲ್ಲ ನೆನಪುಗಳು ಬರುತ್ತಿವೆ, ಆಯಿ. ಇಲ್ಲಿ ಸಿದ್ದರಾಮೇಶ ಮಾಸ್ತರರಿದ್ದಾರೆ, ನಿನ್ನ ತವರಿನ ಓಣಿಯವರು. ತಮ್ಮ ಬಾಲ್ಯದ ಮನೆಯಲ್ಲಿ ಅಕ್ಕನ ಕೋಣೆಗೆ ಹಸಿರು ಬಾಗಿಲಿತ್ತು ಎನ್ನುತ್ತಾರೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಕ್ಕ ಒಳಗೆ ಹಾಡಿಕೊಳ್ಳುತ್ತಿದ್ದಳು, ತಾನು ಹೊರಗೆ ಹೊಸ್ತಿಲಿಗೆ ಕಿವಿಯಿಟ್ಟು ಕೇಳುತ್ತಿದ್ದೆ ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಸುಳ್ಳು ಹೇಳುವವರ ಕಣ್ಣಲ್ಲ. ನಾನು ಮಾಡಿದ ಚೇಷ್ಟೆ ಈಗ ಮೂರು ತಾಲೂಕಿನ ಪೂರ್ವಜರ ತನಕ ಹೋಗಿದೆ. ನಗಬೇಕೋ ಹೆದರಬೇಕೋ ತಿಳಿಯುತ್ತಿಲ್ಲ.

ತಮ್ಮ ಸೇವಕ,
ಮಯೂರ


ಸೊಲ್ಲಾಪುರ
9 ಆಗಸ್ಟ್ 2024

ಮಯೂರಾ,

‘ಪಾರಂಪರಿಕ’ ಎಂಬುದನ್ನು ಈ ಕ್ಷಣ ತೆಗೆಸು. ನನ್ನ ಮೋರೆಯ ಕೆಳಗೆ ಸುಳ್ಳು ಅಚ್ಚಾಗಕೂಡದು ಎಂದು ಹರಿಗೆ ಹೇಳು. ಬೇಕಾದರೆ ‘ಮಗಳ ಕೋಣೆ, ಹೊಸದು’ ಎಂದು ಹಾಕಿಸಲಿ. ಇಟ್ಟಿಗೆ ಕಲ್ಲಿನಷ್ಟೇ ಆ ಮಾತೂ ಗಟ್ಟಿ. ಜನ ಕಡಿಮೆ ಬಂದರೆ ಬರಲಿ.

ಸಿದ್ದರಾಮೇಶ ಮಾಸ್ತರರನ್ನು ಮಾತ್ರ ತಿದ್ದಬೇಡ. ಆ ಮನೆಗೆ ನಾನು ದಿನಾ ಹೋಗುತ್ತಿದ್ದೆ. ಅವರ ಅಕ್ಕ ನನ್ನ ಗೆಳತಿ. ಮಾಳಿಗೆಯ ಮೆಟ್ಟಿಲಿನ ಕೆಳಗೆ ಮಲಗುತ್ತಿದ್ದಳು, ಹಾಡುತ್ತಿದ್ದದ್ದೂ ಅಲ್ಲೇ. ಮೆಟ್ಟಿಲಿಗೆ ಬಾಗಿಲು ಎಲ್ಲಿಯದು. ತಮ್ಮನ ನೆನಪಿನಲ್ಲಾದರೂ ಅವಳಿಗೊಂದು ಇರಲಿ. ಹಸಿರು ಅವಳಿಗೆ ಸೇರುತ್ತಿತ್ತು.

ನಾನೀಗ ಹಾಲಿನಲ್ಲಿ ಮಲಗುತ್ತೇನೆ. ಮನೀಷಾ ಜಗಳವಾಡಿ ಸೋತಳು. ಸೋಫಾ ಕುಸಿಯುತ್ತದೆ, ಆದರೆ ಬೆಳಗಿನ ಬಿಸಿಲು ನೇರವಾಗಿ ಮೊಣಕಾಲಿಗೆ ಬೀಳುತ್ತದೆ. ಗೃಹಪ್ರವೇಶಕ್ಕೆ ಬರಲು ಡಾಕ್ಟರು ಬಿಡುವಂತೆ ಕಾಣುವುದಿಲ್ಲ. ಎಲ್ಲವನ್ನೂ ಬರೆ. ಅಲಂಕಾರ ಕಡಿಮೆ ಇರಲಿ.

ಸರಸ್ವತಿಬಾಯಿ


ಜೇವರ್ಗಿ
19 ಜನವರಿ 2025

ಅಲಂಕಾರ ಕಡಿಮೆ ಇರಲೆಂದು ಅಪ್ಪಣೆಯಾಗಿರುವುದರಿಂದ ಬಿರುದುಗಳನ್ನೆಲ್ಲ ಅಟ್ಟದ ಮೇಲಿಟ್ಟು, ಕೇವಲ ಪೂಜ್ಯರೂ ಪ್ರಾತಃಸ್ಮರಣೀಯರೂ ಸೋಫಾಸನಾಧೀಶ್ವರಿಯೂ ಆದ ಆಯಿಗೆ,

ನಿನ್ನ ಮಾತಿನಂತೆ ಅಪ್ಪ ‘ಪಾರಂಪರಿಕ’ವನ್ನು ತೆಗೆದ. ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಜನ ಕಡಿಮೆಯಾಗಲಿಲ್ಲ. ಹೊಸದು ಎಂದು ಅಚ್ಚಿನಲ್ಲಿ ಓದಿಯೂ, ಇದು ನಮ್ಮ ಅಜ್ಜಿಯ ಕಾಲದ್ದೇ ಎಂದು ನಮಗೇ ತಿಳಿಹೇಳುತ್ತಾರೆ. ಅಪ್ಪ ಈಗ ಯಡ್ರಾಮಿಯಲ್ಲೂ ಜಾಗ ನೋಡುತ್ತಿದ್ದಾನೆ.

ಮೊನ್ನೆ ಕೊಳಕೂರಿನಲ್ಲಿ ಗೃಹಪ್ರವೇಶ. ಕಲ್ಲಿನ ನೆಲ ಕನ್ನಡಿಯಂತಿತ್ತು. ಬೆಳಕಿಂಡಿಯಿಂದ ಬಿಸಿಲು ಒಂದು ಬಿಳಿ ಕಂಬವಾಗಿ ಇಳಿದು ನಡುಮನೆಯಲ್ಲಿ ನಿಂತಿತ್ತು. ಮಕ್ಕಳು ಅದಕ್ಕೆ ಒರಗಲು ನೋಡುತ್ತಿದ್ದರು. ಪೂಜೆಯಾಗಿ, ಹುಗ್ಗಿಯ ವಾಸನೆ ಎದ್ದು, ಊರೆಲ್ಲ ಪಡಸಾಲೆಯಲ್ಲಿ ನೆರೆದಿದ್ದಾಗ ಶಿವಕಾಂತಾ ಬಂದಳು. ಆ ದಿನಕ್ಕೂ ರಜೆ ಸಿಕ್ಕಿರಲಿಲ್ಲ, ರಾತ್ರಿ ಪಾಳಿ ಮುಗಿಸಿಯೇ ಬಂದಿದ್ದಳು. ಬಂದವಳು ಹೆಂಗಸರ ಜೊತೆ ಎಲೆ ಒರೆಸಲು ಕೂತಳು.

ಮಾಳಿಂಗಪ್ಪನವರು ಹಿರಿಯರ ನಡುವಿನಿಂದ ಎದ್ದರು. ಎಲ್ಲರೂ ನೋಡುತ್ತಿದ್ದರು. ಮಗಳ ಕೈಯಿಂದ ಎಲೆ ತೆಗೆದು ಕೆಳಗಿಟ್ಟರು.

“ಹೋಗವ್ವಾ, ನಿನ್ನ ಕೋಲಿಗಿ ಹೋಗಿ ಮಲ್ಕೋ” ಅಂದರು. “ಊಟಕ್ಕ ಯಾರೂ ಎಬ್ಬಸಂಗಿಲ್ಲ.”

ಆಯಿ, ಅದು ಡಂಗುರವೇ. ಊರ ಮುಂದೆ, ಬೇಕೆಂದೇ ಹೊಡೆದದ್ದು.

ಆಕೆ ಎದ್ದು ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಪಡಸಾಲೆಯವರೆಗೆ ಕೇಳಿಸಿತು. ಬಾಳಮ್ಮ ತನ್ನ ಬರಿಗೈಯನ್ನೊಮ್ಮೆ ನೋಡಿಕೊಂಡು ಒಲೆಯ ಕಡೆ ತಿರುಗಿದಳು. ಆಮೇಲೆ ಇಡೀ ಊರು ಪಿಸುಮಾತಿನಲ್ಲಿ ಹುಗ್ಗಿ ಉಂಡಿತು. ಬಡಿಸುವವರು ಬರಿಗಾಲಲ್ಲಿ ತುದಿಬೆರಳ ಮೇಲೆ ನಡೆದರು. ಕರೀಮಸಾಬರು ಕೆಮ್ಮು ಬಂದಾಗಲೆಲ್ಲ ಎದ್ದು ರಸ್ತೆಯವರೆಗೆ ಹೋಗಿ ಕೆಮ್ಮಿ ಬಂದರು. ಅಪ್ಪ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲವೆಂದು ಬರೆಯಬೇಕಂತೆ, ಬರೆದಿದ್ದೇನೆ. ಜನ ನನ್ನ ಬೆನ್ನು ತಟ್ಟಿ, ಹೆಣ್ಣುಮಕ್ಕಳ ಕಷ್ಟ ತಿಳಿದ ಹುಡುಗ ಎಂದರು. ಬಾಳಮ್ಮ ನನಗೆ ಟೋಪಿ ಮತ್ತು ಟವೆಲ್ಲು ಕೊಟ್ಟಳು. ನಾನು ಬಹಳ ವಿನಯದಿಂದ ತಲೆ ಬಗ್ಗಿಸಿ ಸ್ವೀಕರಿಸಿದೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ನಿನ್ನ ಹತ್ತಿರ ಆಗುವುದಿಲ್ಲ.

ಹಿಂದಿನ ದಿನ ಬೆಳಗ್ಗೆ ಕೊನೆಯ ತಪಾಸಣೆಗೆಂದು ಒಬ್ಬನೇ ಆ ಕೋಣೆಗೆ ಹೋಗಿದ್ದೆ. ಚಿಲಕ ಸರಿಯಾಗಿ ಬೀಳುತ್ತದೆಯೇ ನೋಡೋಣವೆಂದು ಒಳಗಿನಿಂದ ಹಾಕಿದೆ. ಬಿತ್ತು. ನೆಲ ತಂಪಾಗಿತ್ತು, ಕಿಟಕಿಯಿಂದ ಬೇವಿನ ನೆರಳು ಬಂದು ಆಡುತ್ತಿತ್ತು. ಕಲ್ಲಿನ ಸಮ ನೋಡಲೆಂದು ಮಲಗಿದೆ. ಎಚ್ಚರವಾದಾಗ ನೆರಳು ಹೊರಟುಹೋಗಿತ್ತು. ಚಿಲಕ ತೆಗೆದರೆ ಹೊರಗೆ ಶಿವಕಾಂತಾ, ಪಾಳಿ ಮುಗಿಸಿ ಬಂದವಳು, ತನ್ನ ಟ್ರಂಕಿನ ಮೇಲೆ ಕೂತು ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಎಷ್ಟೋ ಸಲ ಬಾಗಿಲು ಬಡಿದಳಂತೆ.

ನಾನು ಬಾಯಿ ತೆರೆಯುವ ಮೊದಲೇ ಆಕೆ, “ಭಾರೀ ನಿದ್ದಿ ಬರ್ತದ ಅಲ್ರಿ ಇಲ್ಲಿ” ಅಂದಳು.

ಹೀಗಾಗಿ ಮಗಳ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮೊದಲು ಮಲಗಿದವನು,

ನಿನ್ನ ಮೊಮ್ಮಗ,
ಮಯೂರ